ಟೂಂಗ್ಯಾಬಿಗೆ ಹೊರಟಿರುವ ತುಮಕೂರಿನವರಿಗೆ

ರಜಕ್ಕೆ ತುಮಕೂರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಮನೆಗೆ ಬಂದು ಕೇಳುತ್ತಾರೆ, ನಮ್ಮ ಹುಡುಗನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿದೆ, ಟೂಂಗ್ಯಾಬಿ ಕಡೆ ಮನೆ ನೋಡ್ತಿದ್ದಾನೆ, ಏರಿಯಾ ಹೇಗಕ್ಕಾ ಅಂತ. ಬಾಡಿಗೆ, ರೈಲು, ಇಂಡಿಯನ್ ಅಂಗಡಿ ಇಷ್ಟು ಹೇಳಿ ಕಳಿಸಬಹುದು. ಆದರೆ ನಾನು ಅಲ್ಲೇ ಮನೆ ಮಾಡಿ ಮಕ್ಕಳನ್ನು ಬೆಳೆಸಿದವಳು. ಆ ನೆಲದ ಕತೆ ತಿಳಿಯದೆ ಅಲ್ಲಿ ಬರೀ ಮಲಗಿ ಎದ್ದು ಕೆಲಸಕ್ಕೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಕ್ಯಾತ್ಸಂದ್ರ ನೋಡಿದ್ದೀರಲ್ಲ. ಒಂದು ಕಾಲಕ್ಕೆ ಅದರ ಪಾಡಿಗೆ ಅದೊಂದು ಊರು, ಆಮೇಲೆ ತುಮಕೂರು ಬೆಳೆದು ಬೆಳೆದು ಅದನ್ನು ಸೇರಿಸಿಕೊಂಡಿತು. ಆದರೂ ತಟ್ಟೆ ಇಡ್ಲಿ, ರೈಲ್ವೆ ಸ್ಟೇಷನ್ನು, ಹಳೇ ಬೀದಿ ಎಲ್ಲ ಸೇರಿ ಅದಕ್ಕೆ ತನ್ನದೇ ಒಂದು ಗುರುತಿದೆ. ಟೂಂಗ್ಯಾಬಿಯೂ ಹಾಗೇ ಸಿಡ್ನಿಯೊಳಗೆ ಸೇರಿಹೋದ ಊರು. ಹುಟ್ಟಿದ ರೀತಿ ಮಾತ್ರ ಪೂರ್ತಿ ಬೇರೆ.

1788ರ ಜನವರಿಯಲ್ಲಿ ಬ್ರಿಟಿಷರು ಹಡಗುಗಳಲ್ಲಿ ಕೈದಿಗಳನ್ನು ತುಂಬಿಕೊಂಡು ಸಿಡ್ನಿಗೆ ಬಂದರು. ಕಡಲ ಪಕ್ಕದ ಮಣ್ಣು ಮರಳು ಮರಳಾಗಿತ್ತು, ಬೆಳೆ ಕೈಗೆ ಬರಲಿಲ್ಲ. ಹೊಟ್ಟೆಗೆ ಸಾಲದೆ ಹೊಳೆ ಹಿಡಿದು ಒಳಕ್ಕೆ ಹೊರಟರು. ಅದೇ ವರ್ಷ ಪ್ಯಾರಮ್ಯಾಟಾದಲ್ಲಿ ನೆಲೆ ಹಾಕಿದರು. 1791ರಲ್ಲಿ ಇನ್ನೂ ಸ್ವಲ್ಪ ಮೇಲೆ, ಟೂಂಗ್ಯಾಬಿ ಹಳ್ಳದ ಪಕ್ಕ, ಸರ್ಕಾರಿ ಹೊಲ ಶುರು ಮಾಡಿದರು. ಸಿಡ್ನಿ, ಪ್ಯಾರಮ್ಯಾಟಾ ಬಿಟ್ಟರೆ ಆಸ್ಟ್ರೇಲಿಯಾದ ಮುಖ್ಯ ನೆಲದಲ್ಲಿ ಅವರದು ಅದೇ ಮೂರನೇ ನೆಲೆ.

ನಾವು ಹೊಲ ಕಂಡ ಜನ, ನಮಗೆ ಇದು ಬೇಗ ಅರ್ಥವಾಗುತ್ತದೆ. ಅವರ ಹತ್ತಿರ ನೇಗಿಲು ಎಳೆಯಲು ಎತ್ತು ಇರಲಿಲ್ಲ. ಗಟ್ಟಿ ನೀಲಗಿರಿ ಜಾತಿಯ ಮರ ಕಡಿದು, ಬೊಡ್ಡೆಗಳ ಸಂದಿಯಲ್ಲೇ ಗುದ್ದಲಿ ಹಿಡಿದು ಅಗೆದು ಗೋಧಿ, ಮುಸುಕಿನ ಜೋಳ ಹಾಕಬೇಕಿತ್ತು. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ಅರೆಜೀವವಾಗಿದ್ದ ಕೈದಿಗಳು, ಅವರಲ್ಲಿ ಎಷ್ಟೋ ಜನ ಐರ್ಲೆಂಡಿನವರು, ಹೊಟ್ಟೆತುಂಬ ಅನ್ನವಿಲ್ಲದೆ ಆ ಕೆಲಸ ಮಾಡಿದರು. ಕೈದಿಗಳ ನಡುವೆ ಟೂಂಗ್ಯಾಬಿ ಅಂದರೆ ಭಯ ಹುಟ್ಟುವಂಥ ಹೆಸರು. 1800ರಲ್ಲಿ ದಂಗೆಗೆ ಸಂಚು ಮಾಡಿದರು ಅಂತ ಇಲ್ಲಿ ಇಬ್ಬರು ಐರಿಷ್ ಕೈದಿಗಳಿಗೆ ತಲಾ 300 ಚಾವಟಿ ಏಟು ಹೊಡೆಸಿದರು. ಅದನ್ನು ಕಣ್ಣಾರೆ ಕಂಡ ಜೋಸೆಫ್ ಹೋಲ್ಟ್ ಎಂಬ ಇನ್ನೊಬ್ಬ ಐರಿಷ್ ಬಂಡುಕೋರ ಬರೆದಿಟ್ಟಿದ್ದಾನೆ. ಓದಲು ಆಗುವುದಿಲ್ಲ, ಅಷ್ಟು ಕ್ರೂರ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಆ ನೆಲ ಖಾಲಿ ಇರಲಿಲ್ಲ. ಅದು ಅಲ್ಲಿಯ ಮೂಲನಿವಾಸಿಗಳಾದ ದರುಗ್ ಜನರದ್ದು. ಅವರು ಗೆಣಸು ಅಗೆಯುತ್ತಿದ್ದ, ಬೇಟೆಯಾಡುತ್ತಿದ್ದ ಜಾಗಕ್ಕೇ ಬೇಲಿ ಬಿತ್ತು. ಪೆಮುಲ್ವಾಯ್ ಎಂಬ ವೀರ ವರ್ಷಗಟ್ಟಲೆ ಬ್ರಿಟಿಷರ ವಿರುದ್ಧ ಹೋರಾಡಿದ. 1797ರಲ್ಲಿ ಟೂಂಗ್ಯಾಬಿ ಹೊಲಕ್ಕೆ ದಾಳಿ ಇಟ್ಟು, ಅಲ್ಲಿಂದ ಪ್ಯಾರಮ್ಯಾಟಾದವರೆಗೂ ನಡೆದ ಕಾಳಗದಲ್ಲಿ ಗುಂಡೇಟು ತಿಂದು ಸೆರೆಸಿಕ್ಕಿದ. ಕಾಲಿಗೆ ಕಬ್ಬಿಣದ ಬೇಡಿ ಇದ್ದಂತೆಯೇ ಆಸ್ಪತ್ರೆಯಿಂದ ತಪ್ಪಿಸಿಕೊಂಡ. 1802ರಲ್ಲಿ ಅವನನ್ನು ಗುಂಡಿಟ್ಟು ಕೊಂದು, ತಲೆಯನ್ನು ಇಂಗ್ಲೆಂಡಿಗೆ ಕಳಿಸಿದರು. ಟೂಂಗ್ಯಾಬಿಗೆ ಹತ್ತಿರದ ಗಿರವೀನ್ ಪಕ್ಕದ ಒಂದು ಬಡಾವಣೆಗೆ ಈಗ ಅವನ ಹೆಸರೇ ಇದೆ, ನೀವು ದಿನಾ ಬೋರ್ಡು ನೋಡುತ್ತೀರಿ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಮಗು ಸ್ಕೂಲಿಗೆ ಸೇರಿದ ಮೇಲೆ ಅಸೆಂಬ್ಲಿ ಶುರುವಾಗುವ ಮುಂಚೆ ಒಬ್ಬರು ನಿಂತು, ಇದು ದರುಗ್ ಜನರ ನೆಲ, ಅವರ ಹಿರಿಯರಿಗೆ ಗೌರವ ಅಂತ ಹೇಳುತ್ತಾರೆ. ಆಫೀಸ್ ಮೀಟಿಂಗಿನಲ್ಲೂ ಕೇಳುತ್ತೀರಿ. ಹೊಸಬರು ಆಗ ಮೊಬೈಲ್ ನೋಡುತ್ತಾ ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮೊಬೈಲ್ ಪಕ್ಕಕ್ಕಿಟ್ಟು ಕೇಳಿ.

ಸರ್ಕಾರಿ ಹೊಲ ಜಾಸ್ತಿ ವರ್ಷ ನಡೆಯಲಿಲ್ಲ. ಮಣ್ಣು ಸೋತಿತು. ಸುಮಾರು 1803ರ ಹೊತ್ತಿಗೆ ಕೆಲಸವೆಲ್ಲ ಕ್ಯಾಸಲ್ ಹಿಲ್ ಕಡೆ ಹೋಯಿತು. ಆಮೇಲೆ ಬಹಳ ಕಾಲ ಹಣ್ಣಿನ ತೋಟ, ಕೋಳಿ, ಹಸು ಅಂತಲೇ ಇದ್ದ ಊರು. 1880ರಲ್ಲಿ ರೈಲ್ವೆ ಸ್ಟೇಷನ್ ಬಂತು, ಆದರೆ ಹಳೇ ಊರಿನ ಹತ್ತಿರ ಅಲ್ಲ, ದಕ್ಷಿಣಕ್ಕೆ. ಜನ ಸ್ಟೇಷನ್ ಸುತ್ತ ಮನೆ ಕಟ್ಟಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ತೋಟಗಳೆಲ್ಲ ಸೈಟುಗಳಾದವು.

ಮನೆ ಹುಡುಕುವಾಗ ಇದು ನಿಮಗೆ ನೇರವಾಗಿ ತಾಗುತ್ತದೆ. ಸ್ಟೇಷನ್ ಸುತ್ತ ಬೆಳೆದ ಟೂಂಗ್ಯಾಬಿ ಬೇರೆ, ಆ ಹಳೇ ಊರಾದ ಓಲ್ಡ್ ಟೂಂಗ್ಯಾಬಿ ಬೇರೆ. ಜಾಹೀರಾತಿನಲ್ಲಿ ಹೆಸರು ನೋಡಿ ಎರಡೂ ಒಂದೇ ಅಂದುಕೊಳ್ಳಬೇಡಿ. ಕಾರು ಇಲ್ಲದವರು ಸ್ಟೇಷನ್ ಪಕ್ಕವೇ ನೋಡಿ. ಅರೇಲಿಯಾ, ಕಾರ್ನೀಲಿಯಾ, ಮೆಟೆಲ್ಲಾ, ಪೋರ್ಷಿಯಾ ಅಂತ ರೋಮನ್ ಹೆಂಗಸರ ಹೆಸರಿನ ರಸ್ತೆಗಳು ಕಂಡರೆ ನೀವು ಟೂಂಗ್ಯಾಬಿಯಲ್ಲೇ ಇದ್ದೀರಿ ಅಂತ ಲೆಕ್ಕ. ಸ್ಟೇಷನ್ನಿಂದ ಪೆಂಡಲ್ ಹಿಲ್, ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್ ದಾಟಿದರೆ ಪ್ಯಾರಮ್ಯಾಟಾ. ಇನ್ನೊಂದು ವಿಷಯ, ಟೂಂಗ್ಯಾಬಿ ಮೂರು ಕೌನ್ಸಿಲ್‌ಗಳಿಗೆ, ಅಂದರೆ ನಮ್ಮ ನಗರಪಾಲಿಕೆಯಂಥವುಗಳಿಗೆ, ಹಂಚಿಹೋಗಿದೆ: ಪ್ಯಾರಮ್ಯಾಟಾ, ಬ್ಲ್ಯಾಕ್‌ಟೌನ್, ಕಂಬರ್ಲೆಂಡ್. ಕಸದ ಡಬ್ಬಿ ಯಾವ ದಿನ ಆಚೆ ಇಡಬೇಕು ಅನ್ನುವುದಕ್ಕೂ ನಿಮ್ಮ ರಸ್ತೆ ಯಾರಿಗೆ ಸೇರಿದೆ ಅಂತ ಗೊತ್ತಿರಬೇಕು.

ಬಾಡಿಗೆ ವಾರದ ಲೆಕ್ಕ, ತಿಂಗಳದ್ದಲ್ಲ. ಅಡ್ವಾನ್ಸ್ ನಾಲ್ಕು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದೂ ಓನರ್ ಕೈಯಲ್ಲಿ ಇರುವುದಿಲ್ಲ, ಸರ್ಕಾರದ ಹತ್ತಿರ ಜಮಾ ಆಗುತ್ತದೆ. ಮನೆ ಸ್ಥಿತಿ ಬರೆದ ಫಾರಂ ಕೊಡುತ್ತಾರೆ, ಅದನ್ನು 7 ದಿನದೊಳಗೆ ತುಂಬಿ ವಾಪಸ್ ಕೊಡಿ. ಗೋಡೆಯ ಒಂದೊಂದು ಬಿರುಕಿಗೂ ಫೋಟೋ ತೆಗೆಯಿರಿ. ಅಲ್ಲಿಯದು ಜೇಡಿಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಹಳೇ ಮನೆಗಳಲ್ಲಿ ಬಿರುಕು ಸಾಮಾನ್ಯ. ಮುಂದೆ ಮನೆ ಕೊಳ್ಳುವವರು ಹಳ್ಳದ ಪಕ್ಕದ ತಗ್ಗು ಜಾಗ ಅಗ್ಗ ಅಂತ ಬೀಳಬೇಡಿ. ಕೌನ್ಸಿಲ್‌ನಿಂದ 10.7 ಸರ್ಟಿಫಿಕೇಟ್ ತೆಗೆಸಿದರೆ ಪ್ರವಾಹದ ನಿಯಮ ಆ ಜಾಗಕ್ಕೆ ಇದೆಯಾ ಅಂತ ಗೊತ್ತಾಗುತ್ತದೆ.

ಹಳೇ ಮನೆಗಳಿಗೆ ಇನ್ನೂ ದೊಡ್ಡ ಹಿತ್ತಲು ಇದೆ. ಈಗ ಒಂದೊಂದಾಗಿ ಒಡೆದು ಎರಡೆರಡು ಮನೆ ಎಬ್ಬಿಸುತ್ತಿದ್ದಾರೆ, ನೋಡಿದರೆ ಸಂಕಟ ಆಗುತ್ತದೆ. ಹಿತ್ತಲಿರುವ ಮನೆ ಸಿಕ್ಕರೆ ಬಿಡಬೇಡಿ. ಕರಿಬೇವು ಬರುತ್ತದೆ, ಚಳಿಗಾಲದಲ್ಲಿ ಎಲೆ ಉದುರಿದರೆ ಸತ್ತಿತು ಅಂತ ಕಿತ್ತು ಹಾಕಬೇಡಿ, ಸೆಪ್ಟೆಂಬರಿನಲ್ಲಿ ಚಿಗುರುತ್ತದೆ. ಆದರೆ ಊರಿಂದ ಅವರೆ ಬೀಜ, ಗಿಡದ ಕಡ್ಡಿ ಸೂಟ್‌ಕೇಸಿನಲ್ಲಿ ಮುಚ್ಚಿಟ್ಟು ತರಬೇಡಿ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆಯದೆ ಸಿಕ್ಕಿಬಿದ್ದರೆ ಭಾರೀ ದಂಡ, ವೀಸಾಕ್ಕೂ ತೊಂದರೆ ಆಗಬಹುದು. ಅವರೆಕಾಳು ಬೇಕೆಂದರೆ ವೆಂಟ್‌ವರ್ತ್‌ವಿಲ್ ಅಂಗಡಿಗಳ ಫ್ರೀಜರ್‌ನಲ್ಲಿ ಪಾಪ್ಡಿ ಲಿಲ್ವಾ ಅಂತ ಬರೆದ ಪ್ಯಾಕೆಟ್ ಹುಡುಕಿ. ಸೊಗಡು ಅಷ್ಟಿಲ್ಲ, ಸಾರಿಗೆ ನಡೆಯುತ್ತದೆ.

ಬಂದ ಮೊದಲ ತಿಂಗಳಲ್ಲೇ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹಳ್ಳದ ಪಕ್ಕ ಓಕ್ಸ್ ರಿಸರ್ವ್, ಪ್ಯಾಲೆಸ್ಟೈನ್ ಪಾರ್ಕ್ ಕಡೆ ನಡೆದು ಬನ್ನಿ. ಆ ಸರ್ಕಾರಿ ಹೊಲ ಇದ್ದದ್ದು ಅಲ್ಲೇ, ರಾಜ್ಯದ ಪಾರಂಪರಿಕ ಪಟ್ಟಿಯಲ್ಲಿದೆ. ಕೋಟೆ, ಕಂಬ ಏನೂ ಕಾಣುವುದಿಲ್ಲ, ಹುಲ್ಲು, ಮರ, ನೀರು ಅಷ್ಟೇ. ಪೆಮುಲ್ವಾಯ್ ಕತೆಯನ್ನು ಮಕ್ಕಳಿಗೆ ಅಲ್ಲೇ ಕೂತು ಕನ್ನಡದಲ್ಲಿ ಹೇಳಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗುವುದಾದರೆ ತಲೆಗೆ ಟೋಪಿ ಇರಲಿ, ಆಗ ಮ್ಯಾಗ್‌ಪೈ ಹಕ್ಕಿ ಮರಿ ಮಾಡುವ ಕಾಲ, ಹಿಂದಿನಿಂದ ಬಂದು ಕುಕ್ಕುತ್ತದೆ.