ನಿಮ್ಮೂರ ಕೆರೆಯ ಲೆಕ್ಕ ನೀವೇ ಇಡಿ

ಚಳಿಗಾಲ ಬಂತೆಂದರೆ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಹಿಮಾಲಯ ದಾಟಿ ಬರುವ ಹಕ್ಕಿ ಇದು. ಬೋನಾಳ ಪಕ್ಷಿಧಾಮ, ಅದಕ್ಕೆ ಅರಣ್ಯ ಇಲಾಖೆಯ ಕಾವಲಿದೆ. ಆದರೆ ಯಾದಗಿರಿ ಜಿಲ್ಲೆಯ ಸಣ್ಣಪುಟ್ಟ ಕೆರೆಗಳಿಗೂ ಹಕ್ಕಿ ಬರುತ್ತವೆ, ಅಲ್ವಾ? ಅಲ್ಲಿ ಊರವರೇ ಕಣ್ಣಿಡಬೇಕು. ‘ಕೆರೆ ಹಾಳಾಗ್ತಿದೆ’ ಎಂದು ಸುಮ್ನೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ತಾರೀಖು ಹಾಕಿ ಬರೆದಿಟ್ಟ ಲೆಕ್ಕಕ್ಕೆ ಬೆಲೆ ಜಾಸ್ತಿ.

ಮೊದಲು ಏರಿಯ ಮೇಲೆ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಬೆಳಗಿನ ಬಿಸಿಲು ಬೆನ್ನಿಗೆ ಬೀಳಬೇಕು, ಇಲ್ಲದಿದ್ದರೆ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ಕಾಣುತ್ತವೆ. ಪ್ರತಿ ಸಲ ಅದೇ ಜಾಗ, ಅದೇ ಹೊತ್ತು. ಇದನ್ನು ಬದಲಿಸಿದರೆ ಈ ತಿಂಗಳನ್ನು ಹೋದ ತಿಂಗಳ ಜೊತೆ ಹೋಲಿಸಲು ಬರುವುದಿಲ್ಲ.

ಎಣಿಸಲು ಇಬ್ಬರು ಬೇಕು. ಒಬ್ಬರು ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು. ಎಡದಿಂದ ಬಲಕ್ಕೆ ಹೋಗಿ, ವಾಪಸ್ ಬರಬೇಡಿ. ಗುಂಪು ದೊಡ್ಡದಿದ್ದರೆ ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ನೋಡಿ. ಅಂಥ ಹತ್ತರ ಗುಂಪು ಎಷ್ಟಿವೆ ಎಂದು ಲೆಕ್ಕ ಹಾಕುತ್ತಾ ಹೋಗಿ. ಒಂದೂ ಕಾಣದ ದಿನ ‘ಸೊನ್ನೆ’ ಎಂದು ಬರೆಯಲೇಬೇಕು. ಹಕ್ಕಿ ಯಾವಾಗ ಬರುವುದನ್ನು ನಿಲ್ಲಿಸಿದವು ಎಂದು ಗೊತ್ತಾಗುವುದೇ ಆ ಸೊನ್ನೆಗಳಿಂದ.

ಎಲ್ಲ ಹೆಸರೂ ಗೊತ್ತಿರಬೇಕಿಲ್ಲ. ಐದಾರು ಹಕ್ಕಿಯಿಂದ ಶುರು ಮಾಡಿ. ಮೈಯೆಲ್ಲ ಕಪ್ಪು, ಹಣೆ ಮಾತ್ರ ಬೆಳ್ಳಗಿದ್ದು, ನಡುನೀರಲ್ಲಿ ತೇಲುತ್ತಾ ಮುಳುಗು ಹಾಕುತ್ತಿದ್ದರೆ ಅದು ನಾಮದ ಕೋಳಿ. ಆಪು ಹುಲ್ಲಿನ ನಡುವೆ ಕೆಂಪು ಕಾಲಿನಲ್ಲಿ ಬಾಲ ಕುಣಿಸುತ್ತಾ ನಡೆಯುವ ನೀಲಿ ಹಕ್ಕಿ ನೇರಳೆ ಜಂಬುಕೋಳಿ. ಹೆಬ್ಬಾತಿನ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಇರುತ್ತವೆ. ಗೊತ್ತಾಗದಿದ್ದರೆ ‘ಗೊತ್ತಿಲ್ಲದ ಬಾತು, 12’ ಎಂದು ಬರೆಯಿರಿ. ಊಹಿಸಿ ಹೆಸರು ಹಾಕಬೇಡಿ. ಗೂಡಿನ ಹತ್ತಿರವಂತೂ ಫೋಟೊಗಾಗಿ ಹೋಗಲೇಬೇಡಿ. ತಾಯಿ ಎದ್ದು ಹೋದರೆ ಮೊಟ್ಟೆಗಳು ಬಿಸಿಲಿಗೆ ಕೆಡುತ್ತವೆ.

ಹಕ್ಕಿಯಷ್ಟೇ ನೀರೂ ಮುಖ್ಯ. ತೂಬಿನ ಕಲ್ಲಿಗೆ ಬಣ್ಣದಲ್ಲಿ ಅಳತೆಯ ಗೆರೆ ಎಳೆದು, ವಾರಕ್ಕೊಮ್ಮೆ ಮಟ್ಟ ಬರೆಯಿರಿ. ಬಣ್ಣ, ವಾಸನೆ, ನೊರೆ ಗಮನಿಸಿ. ಮಳೆಗಾಲಕ್ಕೆ ಮುಂಚೆ ಕೆರೆಗೆ ನೀರು ತರುವ ಹಳ್ಳದ ಗುಂಟ ಒಮ್ಮೆ ನಡೆದು ಬನ್ನಿ. ಎಲ್ಲಿ ಮಣ್ಣು ಸುರಿದಿದ್ದಾರೆ, ಎಲ್ಲಿ ಕಸ ತುಂಬಿದೆ, ಎಲ್ಲಿ ಒತ್ತುವರಿಯಾಗಿದೆ ಎಂಬುದು ಕಾಲ್ನಡಿಗೆಯಲ್ಲಿ ಮಾತ್ರ ತಿಳಿಯುತ್ತದೆ.

ಸುತ್ತಲಿನ ರೈತರ ಮಾತನ್ನೂ ಬರೆದುಕೊಳ್ಳಿ. ಹೆಬ್ಬಾತುಗಳು ರಾತ್ರಿ ಕಡಲೆ ಹೊಲಕ್ಕೆ ಇಳಿಯುತ್ತವೆ. ಆ ನಷ್ಟವನ್ನು ಮುಚ್ಚಿಟ್ಟು ಹಕ್ಕಿ ಉಳಿಸಿ ಎನ್ನುವುದು ನ್ಯಾಯವಲ್ಲ.

ಬೇಟೆಯ ಬಲೆ ಕಂಡರೆ ಒಬ್ಬರೇ ಎದುರು ನಿಲ್ಲಬೇಡಿ. ದೂರದಿಂದ ಫೋಟೊ ತೆಗೆದು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಮ್ಮ ಬೆನ್ನಿಗಿದೆ.

ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ನಿಮ್ಮ ಎಣಿಕೆಯನ್ನೂ ಅದಕ್ಕೆ ಸೇರಿಸಬಹುದು. ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿಯನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಈ ಸಮಿತಿ ಇರಬೇಕು. ಕೊಡುವಾಗ ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.