ಹೆಸರು ತಿಳಿದ ಮೇಲಿನ ನೋಟ

ಹಕ್ಕಿ ವೀಕ್ಷಣೆಯ ಹವ್ಯಾಸವಿರುವವರಲ್ಲಿ ಅನೇಕರು ಹಕ್ಕಿಯನ್ನು ಗುರುತಿಸಿ, ಪಟ್ಟಿಯಲ್ಲಿ ಬರೆದುಕೊಂಡು ಮುಂದಿನದನ್ನು ಹುಡುಕಿ ಹೊರಡುತ್ತಾರೆ. ನನಗೆ ಮಾತ್ರ ಹೆಸರು ತಿಳಿದ ಮೇಲೆಯೇ ನೋಡುವ ಕೆಲಸ ಶುರುವಾಗುತ್ತದೆ. ಹಾಗಾಗಿ ನಾನು ಹೆಚ್ಚು ಅಲೆಯದೆ, ಬಿಸಿಲು ಬೆನ್ನ ಹಿಂದಿನಿಂದ ಬೀಳುವಂಥ ಜಾಗ ಆರಿಸಿಕೊಂಡು ನೀರಿನ ಅಂಚಿನಲ್ಲಿ ಕುಳಿತುಬಿಡುತ್ತೇನೆ. ನನ್ನ ದುರ್ಬೀನು 8×42 ಅಳತೆಯದು, ಅಂದರೆ 8 ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ್ದು. 10 ಪಟ್ಟಿನದರಲ್ಲಿ ಹಕ್ಕಿಯ ಜೊತೆಗೆ ಕೈನಡುಕವೂ ಹಿಗ್ಗುತ್ತದೆ.

ಕುಳಿತು ನೋಡುವುದರ ಲಾಭವನ್ನು ಮೊದಲು ತೋರಿಸಿಕೊಟ್ಟದ್ದು ಹಸಿರು ಕಳ್ಳಿಪೀರ. ಹಾರುತ್ತಿದ್ದ ಜೇನ್ನೊಣವನ್ನು ಗಾಳಿಯಲ್ಲೇ ಹಿಡಿದು ಅದೇ ಒಣಕೊಂಬೆಗೆ ಮರಳಿದ ಹಕ್ಕಿ, ಮೊದಲು ನೊಣವನ್ನು ಕೊಂಬೆಗೆ ಬಡಿಯಿತು. ಆಮೇಲೆ ಕೊಕ್ಕಿನಲ್ಲಿ ಅದರ ಹಿಡಿತವನ್ನು ಬದಲಿಸಿ, ಹಿಂಭಾಗವನ್ನು ತೊಗಟೆಗೆ ಉಜ್ಜಿ ಉಜ್ಜಿ ವಿಷ ಹೊರಹೋದ ನಂತರವೇ ನುಂಗಿತು. ಎಷ್ಟೋ ಸಲ ಕಂಡು ಗುರುತಿಸಿದ್ದ ಹಕ್ಕಿಯಾದರೂ ಈ ನಾಜೂಕು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಪರೂಪದ ನೋಟಗಳಲ್ಲಿ ಮೀನು ಡೇಗೆಯದನ್ನು ಹೇಳಲೇಬೇಕು. ಕಾಲು ಮುಂದೆ ಚಾಚಿ ನೀರಿಗೆ ಅಪ್ಪಳಿಸಿದ ಅದು ಮೀನಿನೊಂದಿಗೆ ಮೇಲೆದ್ದು, ಮೈ ಕೊಡವಿ, ಹಾರುತ್ತಲೇ ಮೀನಿನ ತಲೆ ಮುಂದಕ್ಕೆ ಬರುವಂತೆ ಅದನ್ನು ತಿರುಗಿಸಿಕೊಂಡಿತು. ಗಾಳಿಯ ತಡೆ ಕಡಿಮೆಯಾಗಲೆಂದು ಅದು ಹೀಗೆ ಮಾಡುತ್ತದೆ. ಹೊರಬೆರಳನ್ನು ಹಿಂದಕ್ಕೂ ಹೊರಳಿಸಬಲ್ಲ ಅದರ ಪಾದಕ್ಕೆ ಜಾರುವ ಮೀನು ದಕ್ಕುವುದೂ ಹೆಚ್ಚುಗಾರಿಕೆಯಲ್ಲ.

ಆದರೂ ನನಗೆ ಹೆಚ್ಚು ಕಲಿಸಿದ್ದು ಎಲ್ಲೆಡೆ ಕಾಣಸಿಗುವ ಕೆಂಪು ಟಿಟ್ಟಿಭವೇ. ಬೆಣಚುಕಲ್ಲುಗಳ ನಡುವಿನ ಬರಿನೆಲದಲ್ಲಿ ನಾಲ್ಕು ಮೊಟ್ಟೆಗಳಿದ್ದವು. ದೂರದಿಂದ ನೋಡಿದರೆ ಅವೂ ಕಲ್ಲುಗಳೇ. ಉರಿಬಿಸಿಲಿನಲ್ಲಿ ಒಂದು ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು, ಆ ಒದ್ದೆ ಮೈಯಲ್ಲೇ ಮೊಟ್ಟೆಗಳ ಮೇಲೆ ಕುಳಿತಿತು. ಕಾವು ಕೊಡುವುದೆಂದರೆ ಬಿಸಿ ಮಾಡುವುದಷ್ಟೇ ಎಂದುಕೊಂಡಿದ್ದವನಿಗೆ ತಣಿಸುವುದೂ ಅದೇ ಕೆಲಸದ ಭಾಗವೆಂದು ಆಗ ತಿಳಿಯಿತು. ಗೂಡಿನ ಬಳಿ ಮನುಷ್ಯರು ಸುಳಿದಾಡುವಷ್ಟು ಹೊತ್ತೂ ಈ ಹಕ್ಕಿ ಕಿರುಚುತ್ತ ಸುತ್ತುತ್ತದೆ, ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ. ಹೀಗಾಗಿ ಗೂಡಿನ ಚಿತ್ರ ತೆಗೆಯುವ ಉತ್ಸಾಹಿಗಳೊಂದಿಗೆ ನಾನು ಹೋಗುವುದಿಲ್ಲ; ಮೊಟ್ಟೆಯೊಡೆಯುವ ತನಕ ಆ ಬಯಲಿನತ್ತ ನೋಡುವುದಿದ್ದರೂ ದೂರದ ಏರಿಯ ಮೇಲಿಂದಲೇ.