ವಿಕಿಯ ಪರವಾನಗಿ: ತಡವಾಗಿ ಮಾಡಿದ ಕೆಲಸ

ಕೆಲವು ಗೆಳೆಯರೊಂದಿಗೆ ಹಲವರು ಸೇರಿ ಬರೆದು ತಿದ್ದುವ ಜಾಲತಾಣವಾದ ಸಮುದಾಯ ವಿಕಿಯೊಂದನ್ನು ಆರಂಭಿಸಿದಾಗ ಪುಟವಿನ್ಯಾಸದ ಬಗ್ಗೆ ವಾರಗಟ್ಟಲೆ ಚರ್ಚಿಸಿದ ನಾವು, ಬರೆಯುವವರ ಹಕ್ಕುಸ್ವಾಮ್ಯದ ಬಗ್ಗೆ ಒಂದು ಸಾಲನ್ನೂ ಬರೆದಿಡಲಿಲ್ಲ. ಎಲ್ಲರೂ ಹಂಚಿಕೊಳ್ಳಲೆಂದೇ ಬರೆಯುತ್ತಾರೆ, ಅಷ್ಟು ಸಾಕು ಎಂದುಕೊಂಡಿದ್ದೆವು. ಎರಡು ವರ್ಷಗಳ ನಂತರ ಆಯ್ದ ಪುಟಗಳನ್ನು ಪುಸ್ತಕವಾಗಿ ಮುದ್ರಿಸಲು ಹೊರಟಾಗ ಕಣ್ಣು ತೆರೆಯಿತು. ಬರಹವು ರೂಪುಗೊಂಡ ಕ್ಷಣದಲ್ಲೇ, ಯಾವ ನೋಂದಣಿಯೂ ಇಲ್ಲದೆ, ಅದರ ಹಕ್ಕುಸ್ವಾಮ್ಯ ಬರೆದವರಿಗೆ ಸೇರುತ್ತದೆ. ಅದನ್ನು ವಿಕಿಗೆ ಹಾಕಿದ ಮಾತ್ರಕ್ಕೆ ಮುದ್ರಿಸುವ, ಮಾರುವ ಹಕ್ಕು ನಮಗೆ ಬಂದಿರಲಿಲ್ಲ.

ಹಕ್ಕನ್ನೇ ವಿಕಿಯ ಹೆಸರಿಗೆ ಬರೆಸಿಕೊಳ್ಳೋಣ ಎಂಬ ಸಲಹೆ ಬಂತು. ಪುಕ್ಕಟೆಯಾಗಿ ದುಡಿದವರಿಂದ ಅವರ ಒಡೆತನವನ್ನೂ ಕೇಳುವುದು ನನಗೆ ಸರಿಕಾಣಲಿಲ್ಲ. ಒಡೆತನ ಬರೆದವರಲ್ಲೇ ಉಳಿದು, ಬಳಕೆಯ ಅನುಮತಿ ಎಲ್ಲರಿಗೂ ಸಿಗುವ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಪರವಾನಗಿಯನ್ನು ಆರಿಸಿದೆವು. ಬರೆದವರನ್ನು ಹೆಸರಿಸಬೇಕು, ತಿದ್ದಿ ಹಂಚಿದರೆ ಇದೇ ಷರತ್ತಿನಲ್ಲೇ ಹಂಚಬೇಕು ಎಂಬುದು ಅದರ ತಿರುಳು. ವಿಕಿಪೀಡಿಯ 2023ರ ಜೂನ್‌ನಲ್ಲಿ ಇದೇ ಆವೃತ್ತಿಗೆ ಬದಲಾದದ್ದರಿಂದ, ಲೇಖಕರನ್ನು ಹೆಸರಿಸಿ ಪಠ್ಯವನ್ನು ಎರಡೂ ಕಡೆ ಒಯ್ಯಬಹುದಾಗಿತ್ತು. ವಾಣಿಜ್ಯ ಬಳಕೆಯನ್ನು ನಿಷೇಧಿಸುವ ಪರವಾನಗಿಯನ್ನು ಕೆಲವರು ಬಯಸಿದರೂ, ಆ ಪಠ್ಯವನ್ನು ವಿಕಿಪೀಡಿಯ ಸ್ವೀಕರಿಸುವುದಿಲ್ಲವಾದ್ದರಿಂದ ಕೈಬಿಟ್ಟೆವು.

ಕಷ್ಟವಾದದ್ದು ಹಳೆಯ ಬರಹಗಳ ವಿಷಯ. ವಿಕಿಪೀಡಿಯ 2009ರಲ್ಲಿ, ತಾನು ಮೊದಲು ಬಳಸುತ್ತಿದ್ದ ಮುಕ್ತ ಪರವಾನಗಿಯಾದ ಜಿಎಫ್‌ಡಿಎಲ್‌ನಿಂದ ಕ್ರಿಯೇಟಿವ್ ಕಾಮನ್ಸ್‌ಗೆ ಬದಲಾದಾಗ ಪ್ರತಿಯೊಬ್ಬ ಲೇಖಕರನ್ನೂ ಕೇಳಬೇಕಾಗಿರಲಿಲ್ಲ. ಮೂಲ ಪರವಾನಗಿಯಲ್ಲೇ ‘ಅಥವಾ ಮುಂದಿನ ಯಾವುದೇ ಆವೃತ್ತಿ’ ಎಂಬ ಮಾತಿತ್ತು, ಮತ್ತು 2008ರ ನವೆಂಬರ್‌ನಲ್ಲಿ ಬಂದ 1.3ನೇ ಆವೃತ್ತಿ ಆ ದಾರಿಯನ್ನು ತೆರೆದಿತ್ತು. ನಮಗೆ ಅಂಥ ಆಧಾರವೇ ಇರಲಿಲ್ಲ. 2012ರಲ್ಲಿ, ಸ್ವಯಂಸೇವಕರು ಕಟ್ಟುವ ಮುಕ್ತ ನಕಾಶೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಪರವಾನಗಿ ಬದಲಿಸುವಾಗ ಒಪ್ಪದವರ ದತ್ತಾಂಶವನ್ನು ತೆಗೆದುಹಾಕಿದಂತೆ ನಾವೂ ಮಾಡಬೇಕಾಯಿತು. ಪ್ರತಿ ತಿದ್ದುಪಡಿಯನ್ನೂ ದಾಖಲಿಸುವ ಇತಿಹಾಸ ಪುಟಗಳನ್ನು ತೆರೆದು, ಯಾರು ಎಷ್ಟು ಬರೆದಿದ್ದಾರೆಂದು ಗುರುತು ಹಾಕಿಕೊಂಡು, ಒಬ್ಬೊಬ್ಬರಿಗೂ ಪತ್ರ ಬರೆದೆ. ಬಹುತೇಕರು ಸಂತೋಷದಿಂದ ಒಪ್ಪಿದರು. ಉತ್ತರಿಸದವರ ಮೌನವನ್ನು ಒಪ್ಪಿಗೆಯೆಂದು ಎಣಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಒಬ್ಬರೇ ಬರೆದಿದ್ದ ಮೂರು ಸೊಗಸಾದ ಪ್ಯಾರಾಗಳನ್ನು, ಅವರ ಇಮೇಲ್ ವಿಳಾಸ ನಿಂತುಹೋಗಿದ್ದರಿಂದ, ಅಳಿಸಬೇಕಾಯಿತು. ಪದಗಳನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದರೆ ಅದು ಅವರ ಬರಹದ ರೂಪಾಂತರವೇ ಆಗುತ್ತಿತ್ತು. ಆದ್ದರಿಂದ ಆ ಪ್ಯಾರಾಗಳನ್ನು ನೋಡದ ಗೆಳೆಯರೊಬ್ಬರು ಮೂಲ ಆಕರಗಳನ್ನು ಓದಿ ಹೊಸದಾಗಿ ಬರೆದುಕೊಟ್ಟರು.

ಈಗ ‘ಉಳಿಸಿ’ ಗುಂಡಿಯ ಮೇಲೆಯೇ ಹೀಗೆ ಬರೆದಿದ್ದೇವೆ: “ಇದು ನಿಮ್ಮದೇ ಬರಹ, ಅಥವಾ ಇದನ್ನು ಈ ಪರವಾನಗಿಯಡಿ ಕೊಡುವ ಹಕ್ಕು ನಿಮಗಿದೆ. ಒಮ್ಮೆ ಕೊಟ್ಟ ಅನುಮತಿಯನ್ನು ಹಿಂಪಡೆಯಲಾಗದು.” ಎರಡನೆಯ ವಾಕ್ಯ ಹೊಸಬರನ್ನು ಹೆದರಿಸೀತೆಂದು ಕೆಲವರು ಆಕ್ಷೇಪಿಸಿದರು. ಬರೆಯುವ ಮೊದಲೇ ಇದನ್ನು ತಿಳಿಯುವುದು ಅವರ ಹಕ್ಕೆಂದು ನಾನು ಪಟ್ಟು ಹಿಡಿದೆ. ಒಂದು ಪುಟದ ಭಾಗವನ್ನು ಇನ್ನೊಂದಕ್ಕೆ ಸಾಗಿಸುವಾಗ ಮೂಲ ಪುಟದ ಕೊಂಡಿಯನ್ನು ಸಂಪಾದನೆಯ ಸಾರಾಂಶದಲ್ಲಿ (ಉಳಿಸುವಾಗ ಬರೆಯುವ ಕಿರು ಟಿಪ್ಪಣಿಯಲ್ಲಿ) ಕೊಡುವುದನ್ನೂ ಕಡ್ಡಾಯ ಮಾಡಿದೆವು. ಹಾಗೆ ಮಾಡದಿದ್ದರೆ ಹೊಸ ಪುಟದ ಇತಿಹಾಸದಲ್ಲಿ ಸಾಗಿಸಿದವರ ಹೆಸರಷ್ಟೇ ಕಾಣುತ್ತದೆ, ಬರೆದವರ ಹೆಸರು ಮರೆಯಾಗುತ್ತದೆ.

ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಪ್ರತಿ ಅಧ್ಯಾಯದ ಕೊನೆಗೂ ಅದನ್ನು ಬರೆದವರ ಬಳಕೆದಾರ ಹೆಸರುಗಳನ್ನು ಸೇರಿಸಿದೆ. ಕರಡು ನೋಡಿದ ಒಬ್ಬರು ಬಳಕೆದಾರ ಹೆಸರಿನ ಬದಲು ತಮ್ಮ ನಿಜವಾದ ಹೆಸರನ್ನೇ ಹಾಕಬೇಕೆಂದು ಕೇಳಿಕೊಂಡರು; ಅಂದೇ ಪಟ್ಟಿಯನ್ನು ತಿದ್ದಿ ಕಳುಹಿಸಿದೆ.